ರಾಮನವಮಿಯ ಗಿಟಾರು

"ಮಗ್ಗ ಯಾರು ನಿಲ್ಸಿದ್ದು?"

ಕೋದಂಡರಾಮಯ್ಯ ಕೇಳಿದ್ದು ಯಾರನ್ನೂ ಅಲ್ಲ. ಎದುರಿಗೆ ಯಾರೂ ಇರಲಿಲ್ಲ. ಶೆಡ್ಡಿನ ಮೂಲೆಯ ಹಲಗೆಯ ಮೇಲೆ, ಬರಿಗಾಲನ್ನು ನೆಲಕ್ಕೆ ಊರಿ, ಗಿಟಾರನ್ನು ಎದೆಗೆ ಒತ್ತಿಕೊಂಡು ಕೂತಿದ್ದರು. ಅಂಗಾಲಿನಡಿ ನಡುಗುತ್ತಿದ್ದ ನೆಲ ತಟ್ಟನೆ ಸುಮ್ಮನಾಗಿತ್ತು. ಟ್ಯೂಬ್‌ಲೈಟು ಉರಿಯುತ್ತಲೇ ಇತ್ತು, ಕರೆಂಟು ಹೋಗಿರಲಿಲ್ಲ. ನಾಲ್ಕು ಮಗ್ಗಗಳಲ್ಲೂ ಸೀರೆ ಅರ್ಧಕ್ಕೇ ನಿಂತಿತ್ತು.

ಮಗ್ಗ ನಿಂತರೆ ಅವರ ತಾಳವೂ ನಿಲ್ಲುತ್ತಿತ್ತು. ದೊಡ್ಡಬಳ್ಳಾಪುರದ ಈ ಶೆಡ್ಡಿನೊಳಗೆ ನಲವತ್ತೈದು ವರ್ಷ ಲಾಳಿಯ ಹೊಡೆತ ಕೇಳಿ ಕೇಳಿ ಎರಡೂ ಕಿವಿ ಹೋಗಿದ್ದವು. ಆಮೇಲೆ ಸಕ್ಕರೆ ಕಾಯಿಲೆ ಬಂದು ಎಡಗೈಯ ಬೆರಳ ತುದಿಗಳನ್ನು ಮರಗಟ್ಟಿಸಿತು. ತಂತಿಯ ಮೇಲೆ ಬೆರಳು ಕೂತಿದೆಯೋ ಇಲ್ಲವೋ ಎಂದು ಬಗ್ಗಿ ನೋಡಿಯೇ ತಿಳಿಯಬೇಕಿತ್ತು. ಆದರೂ ಮಗ್ಗ ಓಡುತ್ತಿದ್ದರೆ ನೆಲವೇ ತಾಳ ಹಾಕುತ್ತಿತ್ತು. ಗಿಟಾರಿನ ಹೊಟ್ಟೆ ಎದೆಯ ಮೂಳೆಗೆ ಸ್ವರ ಮುಟ್ಟಿಸುತ್ತಿತ್ತು. ನಾಳೆ ಭಜನಾ ಮಂಡಳಿಯವರಿಂದ ಅವರಿಗೆ ಸನ್ಮಾನ. ಅವರ ಫೋಟೋ ಇರುವ ಬ್ಯಾನರು ರಾಮಮಂದಿರದ ಮುಂದೆ ನಿನ್ನೆಯೇ ಏರಿತ್ತು. ಶಾಲು ಹೊದಿಸುವ ಮೊದಲು ಅವರು ಮೂರು ಕೀರ್ತನೆ ನುಡಿಸುವುದೆಂದು ಮಾತಾಗಿತ್ತು.

ಅದೇ ಮಂದಿರದಲ್ಲಿ ಅವರ ಅಪ್ಪ ಪಾಪಯ್ಯ ಕಾವ್ಯ ಓದುತ್ತಿದ್ದರು. ಶ್ರಾವಣದಲ್ಲಿ ಅವರು ಷಟ್ಪದಿ ಎತ್ತಿಕೊಂಡರೆ ಮಗ್ಗದವರೆಲ್ಲ ಕೈಕಾಲು ತೊಳೆದು ಬಂದು ಕೂರುತ್ತಿದ್ದರು. ಇಪ್ಪತ್ತೆರಡರ ಕೋದಂಡ ಬೆಂಗಳೂರಿನಿಂದ ಗಿಟಾರು ತಂದಾಗ, "ದೇವರ ಮುಂದೆ ಇದೇನೋ ಸಿನಿಮಾ ಡಬ್ಬ?" ಎಂದು ಬೈದು ಮೂರು ತಿಂಗಳು ಮಾತು ಬಿಟ್ಟಿದ್ದರು. ಆಮೇಲೆ ಒಂದು ಶನಿವಾರ, ಪುಸ್ತಕ ಬಿಚ್ಚಿ, ಮಗನ ಕಡೆ ತಿರುಗಿ, "ಶ್ರುತಿ ಕೊಡು" ಅಂದರು. ಅಷ್ಟೇ. ಅಂದಿನಿಂದ ಕೋದಂಡರಾಮಯ್ಯ, ಸೂತಕದ ದಿನಗಳನ್ನು ಬಿಟ್ಟರೆ, ಒಂದು ಶನಿವಾರದ ಭಜನೆಯನ್ನೂ ತಪ್ಪಿಸಿರಲಿಲ್ಲ. ಹೆಂಡತಿ ತೀರಿಕೊಂಡ ತಿಂಗಳು ಕೂಡ, ಸೂತಕ ಕಳೆದ ಮೊದಲ ಶನಿವಾರವೇ ಹೋಗಿ ಕೂತಿದ್ದರು.

ಕತ್ತೆತ್ತಿ ನೋಡಿದರು. ಶೆಡ್ಡಿನ ಬಾಗಿಲಲ್ಲಿ ಮಗಳು ವಾಣಿ ಇವರಿಗೆ ಬೆನ್ನು ಮಾಡಿ ನಿಂತಿದ್ದಳು. ಈಗ ಮಗ್ಗ ನಡೆಸುತ್ತಿದ್ದವಳು ಅವಳೇ. ಅವಳೆದುರು, ಒಳಮುಖವಾಗಿ, ಮಂಡಳಿಯ ಕಾರ್ಯದರ್ಶಿ ರಾಜೇಂದ್ರ. ಅವನೂ ಮಗ್ಗದ ಮನೆಯಲ್ಲೇ ಹುಟ್ಟಿದವನು. ಆದರೆ ಅವನು ಹೈಸ್ಕೂಲಿನಲ್ಲಿದ್ದಾಗಲೇ ಅವರಪ್ಪ ಮಗ್ಗ ಮಾರಿ ಸೀರೆ ಅಂಗಡಿ ಇಟ್ಟಿದ್ದ. ಮಗ್ಗದ ಸದ್ದಿನ ನಡುವೆ ಮಾತಾಡಲು ರಾಜೇಂದ್ರನಿಗೆ ಬರುತ್ತಿರಲಿಲ್ಲ. ಅದಕ್ಕೇ ವಾಣಿ ಸ್ವಿಚ್ಚು ಆರಿಸಿದ್ದಳು. ಅವನು ಇನ್ನೊಂದನ್ನೂ ಮರೆತಿದ್ದ. ಮಗ್ಗದ ಶೆಡ್ಡಿನಲ್ಲಿ ಮಾತನ್ನು ಯಾರೂ ಕಿವಿಯಿಂದ ಕೇಳುವುದಿಲ್ಲ. ತುಟಿ ನೋಡಿ ಕೇಳುತ್ತಾರೆ. ಮೂವತ್ತು ಅಡಿ ಆಚೆ ನಿಂತವರ ಮಾತು ಕೂಡ ಹಾಗೇ ತಿಳಿಯುತ್ತದೆ.

ರಾಜೇಂದ್ರನ ಮುಖದ ಮೇಲೆ ಟ್ಯೂಬ್‌ಲೈಟಿನ ಬೆಳಕು ನೇರ ಬೀಳುತ್ತಿತ್ತು.

"ಅವ್ರು ನುಡಿಸ್ಕೊಳ್ಲಿ ವಾಣಕ್ಕ, ಬೇಡ ಅನ್ನಲ್ಲ. ಸೌಂಡ್ ಮಿಕ್ಸರಲ್ಲಿ ಅವ್ರ ಗಿಟಾರ್ ಲೈನ್ ಆಫ್ ಮಾಡ್ಬಿಟ್ಟು ಪೆನ್‌ಡ್ರೈವಲ್ಲಿರೋ ರೆಕಾರ್ಡಿಂಗ್ ಹಾಕ್ತೀವಿ. ಅವ್ರಿಗೇನ್ ಗೊತ್ತಾಗುತ್ತೆ? ರಾಮನವಮಿಲಿ ಆಫ್ ಮಾಡಿದ್ವಲ್ಲ, ಗೊತ್ತಾಯ್ತಾ?"

ವಾಣಿಯ ಜಡೆ ಒಂದು ಸಾರಿ ಮೇಲೆ ಕೆಳಗೆ ಆಡಿತು. ಹೂಂ ಅಂದಿದ್ದಳು.

ರಾಮನವಮಿಯ ದಿನ ಎರಡು ಗಂಟೆ ನುಡಿಸಿದ್ದರು. ನಡುವೆ ಬೆರಳು ಸೀಳಿ ರಕ್ತ ಬಂದದ್ದು ತಂತಿ ಕೆಂಪಾದ ಮೇಲೇ ತಿಳಿದದ್ದು. ಪಂಚೆಗೆ ಒರೆಸಿಕೊಂಡು ಮುಂದುವರಿಸಿದ್ದರು. ಹೇಗಿದೆ ಎಂದು ಹುಬ್ಬು ಹಾರಿಸಿ ಕೇಳಿದಾಗ ಇದೇ ರಾಜೇಂದ್ರ ಮಿಕ್ಸರಿನ ಪಕ್ಕದಿಂದ ಹೆಬ್ಬೆರಳೆತ್ತಿ ತೋರಿಸಿದ್ದ. ಮುಂದಿನ ಸಾಲಿನಲ್ಲಿ ವಾಣಿ ಚಪ್ಪಾಳೆ ತಟ್ಟಿದ್ದಳು. ಪಾನಕ ಕುಡಿದು ಮನೆಗೆ ಬಂದವರು, ಈ ವರ್ಷ ರಾಮ ಚೆನ್ನಾಗಿ ನುಡಿಸಿಕೊಂಡ ಎಂದು ದೇವರ ಮನೆಯಲ್ಲಿ ಅಡ್ಡಬಿದ್ದಿದ್ದರು.

"ಲೇ ರಾಜೇಂದ್ರ!"

ರಾಜೇಂದ್ರ ಬೆಚ್ಚಿಬಿದ್ದ. ಕೋದಂಡರಾಮಯ್ಯ ಗಿಟಾರನ್ನು ಬಗಲಲ್ಲಿ ಇರುಕಿಕೊಂಡು ಮಗ್ಗಗಳ ನಡುವಿನ ಸಂದಿಯಲ್ಲಿ ದಾಪುಗಾಲು ಹಾಕಿ ಬರುತ್ತಿದ್ದರು.

"ಪಾಲಿಸ್ಟರ್‌ನ ರೇಷ್ಮೆ ಅಂತ ಮಾರೋ ಬುದ್ಧೀನ ರಾಮನ ಮುಂದೂ ತೋರ್ಸ್ಬಿಟ್ಯಲ್ಲೋ!"

"ಅಯ್ಯೋ ಕೋದಂಡಣ್ಣ, ಕೂಗ್ಬೇಡಿ, ಬಿ.ಪಿ. ಏರುತ್ತೆ. ನಾವೇನೋ ಬೇರೆ ವಿಷ್ಯ..."

"ಕಿವಿ ಹೋಗಿರೋದು ಕಣೋ ನಂಗೆ. ಕಣ್ ಹೋಗಿಲ್ಲ. ನಿಮ್ ತಾತ ಇದ್ದಾಗ, ಆ ಮಗ್ಗದ ಹತ್ರ ನಿಂತ್ಕಂಡು ಈ ಮಗ್ಗದೋರ ಮನೆ ಜಗಳ ಪೂರ್ತಿ ಹೇಳೋನು."

ರಾಜೇಂದ್ರನ ಕೈ ತಾನಾಗಿ ಬಾಯಿಗೆ ಅಡ್ಡ ಬಂತು.

ವಾಣಿ ಅಪ್ಪನ ಕಡೆ ತಿರುಗಿದಳು. ದನಿ ತೆಗೆಯಲಿಲ್ಲ. ಚಿಕ್ಕಂದಿನಿಂದ ಅವರಿಬ್ಬರ ಮಾತು ಹಾಗೇ, ಬರಿಯ ತುಟಿ.

"ಅವ್ನನ್ ಬೈಬೇಡ. ಆಫ್ ಮಾಡ್ಸಿದ್ದು ನಾನು."

ಕೋದಂಡರಾಮಯ್ಯ ನೋಡಿದರು.

"ಸ್ವರ ತಪ್ತಿತ್ತು ಅಪ್ಪ. ತುಂಬಾ ತಪ್ತಿತ್ತು. ಹಿಂದೆ ಕೂತಿದ್ದೋರು ನಗ್ತಿದ್ರು. ಮೊಬೈಲಲ್ಲಿ ಹಿಡ್ಕೊಂತಿದ್ರು. ನನ್ ಕೈಲಿ ನೋಡಕ್ಕಾಗ್ಲಿಲ್ಲ."

"ನಗ್ಲಿ!" ಅವರ ಕೂಗಿಗೆ ಬೀದಿಯಲ್ಲಿ ಹೋಗುತ್ತಿದ್ದ ಹೂವಿನವಳು ನಿಂತು ಇಣುಕಿದಳು. "ನಗೋರ್ ನಗ್ಲಿ! ನಾನ್ ತಪ್ಪು ನುಡ್ಸಿದ್ರೆ ಆ ತಪ್ಪು ನಂದು. ನಾನೂ ರಾಮನೂ ನೋಡ್ಕೋತಿದ್ವಿ. ಎರಡ್ ಗಂಟೆ ಕಣೇ! ಮೂಗರ ಥರ ಕೂರಿಸ್ಬಿಟ್ರಲ್ಲೇ ನನ್ನ ದೇವರ ಮುಂದೆ!"

"ನಿನ್ ಮರ್ಯಾದೆಗೇ..."

"ನನ್ ಮರ್ಯಾದೆ ಅಂತೆ! ಎದುರ್ಗೇ ಕೂತಿದ್ಯಲ್ಲ, 'ಅಪ್ಪ, ನಿಲ್ಸು' ಅಂತ ತುಟಿ ಅಲ್ಲಾಡ್ಸಿದ್ರೆ ಸಾಕಿತ್ತು. ಚಪ್ಪಾಳೆ ಯಾಕೆ ತಟ್ದೆ?"

ವಾಣಿಯ ಕಣ್ಣು ತುಂಬಿತು. "ಹೇಳಿದ್ರೆ ನಿಲ್ಸ್ತಿದ್ಯಾ?"

ಆ ಪ್ರಶ್ನೆಗೆ ಅವರ ಸಿಟ್ಟು ಇನ್ನೂ ಏರಿತು. ಮಗಳ ತುಟಿಮಾತು ತಿಳಿಯದೆ, ತಂದೆಯ ಕೂಗಷ್ಟೇ ಕೇಳುತ್ತಿದ್ದ ರಾಜೇಂದ್ರ ಒಮ್ಮೆ ಅವರನ್ನು, ಒಮ್ಮೆ ಇವಳನ್ನು ನೋಡುತ್ತ ನಿಂತಿದ್ದ. ಕೋದಂಡರಾಮಯ್ಯ ಅವನ ಕಡೆ ತಿರುಗಿದರು.

"ನಾಳೆ ಲೈನ್ ಆನ್ ಇರ್ಲಿ. ತಪ್ಪೋ ಒಪ್ಪೋ, ನಂದೇ ಕೇಳ್ಲಿ ಜನಕ್ಕೆ. ಅದಾದ್ ಮೇಲೆ ಬೇಕಾದ್ರೆ ನಾನೇ ಎದ್ ನಿಂತು, ಇನ್ ನುಡ್ಸಲ್ಲ ಅಂತ ಹೇಳ್ತೀನಿ."

ರಾಜೇಂದ್ರ ಕತ್ತು ಬಗ್ಗಿಸಿದ. ಮತ್ತೆ, ಮುಖ ಕಾಣಬೇಕು ಎಂಬುದು ನೆನಪಾಗಿ, ಎತ್ತಿದ. "ಎಮ್ಮೆಲ್ಲೆ ಬರ್ತಾರೆ ಕೋದಂಡಣ್ಣ. ಫೇಸ್‌ಬುಕ್ಕಲ್ಲಿ ಲೈವ್ ಬೇರೆ. ನಾನ್ ಒಬ್ನೇ ತೀರ್ಮಾನ ಮಾಡೋದಲ್ಲ, ಕಮಿಟಿಯೋರೂ ಒಪ್ಪಲ್ಲ."

"ಹಂಗಾದ್ರೆ ಬ್ಯಾನರ್ ಇಳ್ಸು. ನಾನ್ ಬರಲ್ಲ."

ವಾಣಿ ಅವರ ತೋಳು ಹಿಡಿಯಲು ಬಂದಳು. ಕೊಡವಿಕೊಂಡರು. ಹಲಗೆಯವರೆಗೂ ವಾಪಸು ಹೋಗಿ ಕೂತರು. ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು ಎರಡೂ ತೋಳಿನಲ್ಲಿ ಬಳಸಿ ಹಿಡಿದರು. ಕೈ ತಗುಲಿ ದಪ್ಪ ತಂತಿಯೊಂದು ಮಿಡಿದದ್ದು ಎದೆಗೆ ತಿಳಿಯಿತು, ನಿಧಾನವಾಗಿ ಆರಿತು.

ರಾಜೇಂದ್ರನದು ಕೆಟ್ಟ ಮನಸ್ಸಲ್ಲ. ನಾಳೆಯ ಕಾರ್ಯಕ್ರಮ ಕೆಡಬಾರದು ಎಂಬುದಷ್ಟೇ ಅವನ ತಲೆಯಲ್ಲಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದ, ಅವರೆದುರು ಕುಕ್ಕರುಗಾಲಿನಲ್ಲಿ ಕೂತ. ಒಂದೊಂದೇ ಮಾತನ್ನು, ತುಟಿಯನ್ನು ಅಗಲಿಸಿ ಹೇಳಿದ.

"ಆಯ್ತು ಕೋದಂಡಣ್ಣ. ನೀವ್ ಬರ್ಬೇಡಿ. ಹುಷಾರಿಲ್ಲ ಅಂತೀವಿ. ಗಿಟಾರ್ ಕಳ್ಸ್ಕೊಡಿ ಸಾಕು. ಸ್ಟೇಜಲ್ಲಿ ಕುರ್ಚಿ ಮೇಲಿಟ್ಟು, ಅದಕ್ಕೇ ಶಾಲು ಹೊದ್ಸಿ ಒಂದ್ ಹಾರ ಹಾಕ್ತೀವಿ."

ವಾಣಿ ಕಣ್ಣು ಮುಚ್ಚಿಕೊಂಡಳು.

ಕೋದಂಡರಾಮಯ್ಯ ಅವನ ತುಟಿಯನ್ನು ಕೊನೆಯ ಮಾತಿನವರೆಗೂ ನೋಡಿದರು. ಈ ಸಾರಿ ಕೂಗಲಿಲ್ಲ.

"ಕೊಡಲ್ಲ," ಅಂದರು.