ಬಿಳಿ ಅಂಗಿಯ ಕಾಜಾ

ಟೈಲರಮ್ಮನಿಗೆ ಡ್ರಿಪ್ ಹಾಕುವುದೆಂದರೆ ನರ್ಸಿಗೆ ಅರ್ಧ ಕೆಲಸ, ಅರ್ಧ ಬೈಗುಳ.

"ನಿಧಾನ ಕಣಮ್ಮಾ. ನೀನು ಚುಚ್ಚೋದು ನೋಡಿದ್ರೆ ಗೋಣಿಚೀಲ ಹೊಲಿಯೋರ ನೆನಪಾಗುತ್ತೆ."

"ನಿಮ್ಮ ನರ ಕೈಗೆ ಸಿಕ್ಕಿದ್ರೆ ತಾನೇ? ಪೊಲೀಸರನ್ನ ಕಂಡ ಕಳ್ಳನ ಥರ ಒಳಗೆ ಓಡುತ್ತೆ."

ಕ್ಯಾನ್ಸರ್ ಔಷಧ ಕೊಡುವ ಆ ಉದ್ದನೆಯ ಕೋಣೆಯಲ್ಲಿ ಎಲ್ಲರೂ ಒರಗುಕುರ್ಚಿಗಳಲ್ಲಿ ಬಿದ್ದುಕೊಂಡಿರುತ್ತಿದ್ದರು. ಕೆಲವರು ನಿದ್ದೆ ಹೋಗುತ್ತಿದ್ದರು, ಕೆಲವರು ನಿದ್ದೆ ಬಂದವರ ಹಾಗೆ ನಟಿಸುತ್ತಿದ್ದರು. ಟೈಲರಮ್ಮ ಮಾತ್ರ ಅಂಗಿಗಳಿಗೆ ಕಾಜಾ ಹೊಲಿಯುತ್ತಿದ್ದಳು. ಅಂಗಡಿಯ ಮಿಷನ್ ಕೆಲಸವನ್ನೆಲ್ಲ ಸೊಸೆಗೆ ಬಿಟ್ಟಿದ್ದರೂ ಗುಂಡಿ ತೂರುವ ಕಾಜಾವನ್ನು ಬಿಟ್ಟುಕೊಟ್ಟಿರಲಿಲ್ಲ. ಮಿಷನ್ ಕಾಜಾ ಆರು ತಿಂಗಳಿಗೆ ಬಾಯಿ ಬಿಡುತ್ತದೆ ಎಂದು ಅವಳ ವಾದ. ಎರಡೂ ಅಂಗೈ ಬಿಡುವಾಗಿರಲೆಂದು ಡ್ರಿಪ್ಪಿನ ಸೂಜಿಯನ್ನು ಮೊಣಕೈ ಕೆಳಗೇ ಹಾಕಬೇಕೆಂದು ಹಟ. ಅವಳು ತೊಟ್ಟ ಅಂಗಿಯ ಕತ್ತುಪಟ್ಟಿಯಲ್ಲಿ ದಾರ ಪೋಣಿಸಿದ ಸೂಜಿಗಳು ಸಾಲಾಗಿ ಚುಚ್ಚಿಕೊಂಡಿರುತ್ತಿದ್ದವು. ಎಷ್ಟು ಅಚ್ಚುಕಟ್ಟು ಎಂದು ನರ್ಸ್ ಒಳಗೊಳಗೇ ಮೆಚ್ಚಿಕೊಂಡಿದ್ದಳು.

ಆ ಔಷಧಕ್ಕೆ ಒಂದು ಕೆಟ್ಟ ಗುಣವಿತ್ತು. ಗಡ್ಡೆಯ ಜೊತೆಗೆ ಬೆರಳುಗಳ ಸ್ಪರ್ಶವನ್ನೂ ಮೆಲ್ಲಗೆ ತಿಂದುಹಾಕುತ್ತಿತ್ತು. ಅದು ಹೆಚ್ಚಾದರೆ ಡೋಸ್ ಇಳಿಸಬೇಕು, ಇಲ್ಲವೇ ಔಷಧ ಬದಲಿಸಬೇಕು. ಅದಕ್ಕೇ ನರ್ಸ್ ಪ್ರತಿ ಸಲ ಕೇಳುತ್ತಿದ್ದಳು: "ಬೆರಳು ಜುಮ್ಮೆನ್ನುತ್ತಾ? ಮರಗಟ್ಟಿದೆಯಾ? ಅಂಗಿ ಗುಂಡಿ ಹಾಕ್ಕೊಳ್ಳೋಕೆ ಆಗುತ್ತಾ?"

"ಗುಂಡಿ ಹಾಕೋಕೆ ಬರುತ್ತಾ ಅಂತ ನನ್ನನ್ನ ಕೇಳ್ತೀಯಲ್ಲ, ನಿನಗೇನು ಹೇಳೋಣ!" ಎಂದು ಟೈಲರಮ್ಮ ಕೈಯಲ್ಲಿದ್ದ ಅಂಗಿ ಎತ್ತಿ ತೋರಿಸುತ್ತಿದ್ದಳು. ನರ್ಸ್ ನಗುತ್ತಿದ್ದಳು. ಬಾಟಲಿ ನೇತುಹಾಕುತ್ತ, ಮೇಲೆ ನೋಡುತ್ತ ಕೇಳಿದ ಪ್ರಶ್ನೆಗೆ ಅಷ್ಟು ಉತ್ತರ ಸಾಕಾಗುತ್ತಿತ್ತು.

ಅವತ್ತು ಟೈಲರಮ್ಮ ಪಕ್ಕದ ಕುರ್ಚಿಯವಳಿಗೆ ಒಬ್ಬ ಗಿರಾಕಿಯ ಕಥೆ ಹೇಳುತ್ತಿದ್ದಳು. "ಹೊಟ್ಟೆ ಬಂದಿದೆ ಅಂತ ಒಪ್ಪಲ್ಲ ಕಣೇ. ನಿಮ್ಮ ಟೇಪೇ ಕುಗ್ಗಿದೆ ಅಂತಾನೆ, ಮಳೇಲಿ ನೆನೆದಿರಬೇಕಂತೆ!"

ಆ ಕಡೆ ಹಾದುಹೋಗುತ್ತಿದ್ದ ನರ್ಸ್ ಬಿಳಿ ಅಂಗಿಯ ಮೇಲೊಂದು ಕೆಂಪು ಚುಕ್ಕೆ ಕಂಡಳು. ನೋಡುತ್ತಿದ್ದ ಹಾಗೇ ಅದು ದೊಡ್ಡದಾಯಿತು. ಡ್ರಿಪ್ ಸೋರುತ್ತಿದೆ ಎಂದುಕೊಂಡು ಓಡಿಬಂದು ನಳಿಕೆ ಬಿಗಿದಳು, ಪಟ್ಟಿ ಬಿಚ್ಚಿ ನೋಡಿದಳು. ಸೂಜಿ ಹಾಕಿದ ಜಾಗ ಒಣಗಿತ್ತು, ಬಾವು ಇರಲಿಲ್ಲ.

"ಏನಮ್ಮಾ, ಬೆಂಕಿ ಬಿದ್ದವಳ ಹಾಗೆ ಬಂದೆ?"

"ಹೊಲಿಯೋ ಸೂಜಿ ಎಲ್ಲಿ?"

"ಬಟ್ಟೇಲಿದೆ. ಇನ್ನೆಲ್ಲಿರುತ್ತೆ?"

ಸೂಜಿ ಅವಳ ಎಡಗೈ ತೋರುಬೆರಳಿನಲ್ಲಿತ್ತು. ಬಟ್ಟೆ ದಾಟಿ ಬೆರಳಿನ ತುದಿಗೆ ಇಳಿದು ಅಲ್ಲೇ ನಿಂತಿತ್ತು. ಗಿರಾಕಿಯ ಹೊಟ್ಟೆಯ ಕಥೆ ಅಷ್ಟೂ ಹೊತ್ತು ಒಂದು ಉಸಿರೂ ತಪ್ಪದೆ ನಡೆದಿತ್ತು.

ಟೈಲರಮ್ಮ ನೋಡಿದಳು. "ಅಯ್ಯೋ, ಗಿರಾಕಿ ಅಂಗಿ!" ಎಂದಳು ಮೊದಲು. ಆಮೇಲೆ ದನಿ ತಗ್ಗಿಸಿ, "ನೀನು ನೋಡಿಲ್ಲ ಅಂದ್ಕೋ."

ನರ್ಸ್ ಸೂಜಿ ಕಿತ್ತು ಬೆರಳಿಗೆ ಹತ್ತಿ ಒತ್ತಿ ಹಿಡಿದಳು. ಕತ್ತುಪಟ್ಟಿಯ ಸಾಲು ಸೂಜಿಗಳು ಈಗ ಬೇರೆಯೇ ಆಗಿ ಕಂಡವು. "ಇವಕ್ಕೆ ದಾರ ಹಾಕಿದ್ದು ಯಾರು?"

ಟೈಲರಮ್ಮ ಇನ್ನೊಂದು ಕೈಯಿಂದ ಕತ್ತುಪಟ್ಟಿ ಮುಚ್ಚಿಕೊಂಡಳು. ಚೀಲ ಹಿಡಿದು ಗೋಡೆಗೆ ಆತು ಕೂತಿದ್ದ ಸೊಸೆಯೇ ಹೇಳಿದಳು. "ನಾನೇ ಸಿಸ್ಟರ್, ದಿನಾ ಬೆಳಿಗ್ಗೆ. ಅವರ ಅಂಗಿ ಗುಂಡಿ ಹಾಕೋದೂ ನಾನೇ. ಮೊನ್ನೆ ಚಪ್ಪಲಿ ಕಾಲಿಂದ ಜಾರಿದ್ದೂ ಗೊತ್ತಾಗದೆ ಬರೀ ಕಾಲಲ್ಲಿ ಮನೆಗೆ ಬಂದ್ರು. ಹೇಳಿದ್ರೆ ನನ್ನ ಮುಖ ನೋಡಲ್ಲ ಅಂದಿದ್ರು."

"ಇನ್ನು ಮೇಲೆ ನೋಡಲ್ಲ ಹೋಗು," ಎಂದಳು ಅತ್ತೆ.

"ನೋಡಬೇಡಿ ಅತ್ತೆ. ಗುಂಡಿ ಮಾತ್ರ ನಾನೇ ಹಾಕ್ತೀನಿ."

ನರ್ಸ್ ಡಾಕ್ಟರಿಗೆ ಫೋನ್ ಮಾಡಲು ತಿರುಗಿದಾಗ ಟೈಲರಮ್ಮ ಅವಳ ಕೈ ಹಿಡಿದಳು. ಹಿಡಿತ ಸಡಿಲವಾಗಿತ್ತು, ಎಷ್ಟು ಒತ್ತಬೇಕೆಂಬ ಅಂದಾಜೇ ಇಲ್ಲದ ಹಿಡಿತ. "ನಮ್ಮಕ್ಕನಿಗೂ ಇದೇ ಕಾಯಿಲೆ. ಆಗಲೂ ಡೋಸ್ ಕಮ್ಮಿ ಮಾಡಿದ್ರು. ಆಮೇಲೆ ಅವಳೇ ಕಮ್ಮಿಯಾದಳು. ಬೆರಳು ಹೋದ್ರೆ ಹೋಗಲಿ, ಪೂರ್ತಿ ಹಾಕು."

ಅಕ್ಕ ಡೋಸ್ ಇಳಿಸಿದ್ದರಿಂದ ಹೋದಳೋ ಕಾಯಿಲೆ ಬಲವಾಗಿದ್ದರಿಂದ ಹೋದಳೋ ನರ್ಸಿಗೆ ಗೊತ್ತಿರಲಿಲ್ಲ. ಗೊತ್ತಿರುವಂತೆ ಸಮಾಧಾನ ಹೇಳುವುದು ಅವಳಿಗೆ ಬರುತ್ತಿತ್ತು, ಹೇಳಲಿಲ್ಲ. "ಬರೀ ಕಾಜಾ ವಿಷಯ ಅಲ್ಲ ಇದು. ನಾಳೆ ಬಿಸಿ ಪಾತ್ರೆ ಹಿಡೀತೀರಿ, ಸುಟ್ಟಿದ್ದೂ ಗೊತ್ತಾಗಲ್ಲ. ಮೆಟ್ಟಿಲು ಇಳೀತೀರಿ, ಕಾಲಿಗೆ ನೆಲ ಸಿಗಲ್ಲ. ನಾನು ಡಾಕ್ಟರಿಗೆ ಹೇಳಲೇಬೇಕು."

"ಹೇಳು, ಪುಣ್ಯ ಕಟ್ಕೋ."

ಡಾಕ್ಟರ್ ಬಂದು ಬೆರಳು, ಪಾದ ಎಲ್ಲ ನೋಡಿ ಅವತ್ತಿನ ಡ್ರಿಪ್ ನಿಲ್ಲಿಸಿದರು. ಮುಂದಿನ ಸಲದಿಂದ ಡೋಸ್ ಇಳಿಸೋಣ, ಹಾಗೆಂದರೆ ಚಿಕಿತ್ಸೆ ಕೈಬಿಟ್ಟಂತಲ್ಲ, ಹೀಗೇ ಮುಂದುವರಿಸಿದರೆ ಸ್ಪರ್ಶ ವಾಪಸ್ ಬರದೇ ಹೋಗಬಹುದು ಎಂದರು. ಟೈಲರಮ್ಮ ಗೋಡೆಯನ್ನೇ ನೋಡುತ್ತಿದ್ದಳು. ಹೋಗುವಾಗ ನರ್ಸಿಗೆ ಒಂದೇ ಮಾತು ಹೇಳಿದಳು. "ಅರ್ಧಂಬರ್ಧ ಔಷಧಕ್ಕೆ ನಾನು ಬರಲ್ಲ."

ಮುಂದಿನ ಸರದಿಯ ದಿನ ಆ ಕುರ್ಚಿ ಬಹಳ ಹೊತ್ತು ಖಾಲಿಯಿತ್ತು. ನರ್ಸ್ ಅದನ್ನು ಬೇರೆಯವರಿಗೆ ಕೊಡಲಿಲ್ಲ, ಕೇಳಿದವರಿಗೆ ಚಕ್ರ ಸರಿಯಿಲ್ಲ ಎಂದು ಸುಳ್ಳು ಹೇಳಿದಳು. ಡಾಕ್ಟರಿಗೆ ಹೇಳಿದ್ದು ತಪ್ಪೇ ಎಂದು ಹತ್ತು ಸಲ ತನ್ನನ್ನೇ ಕೇಳಿಕೊಂಡು, ಹತ್ತು ಸಲವೂ ಅಲ್ಲ ಎಂದುಕೊಂಡಳು. ಆದರೂ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು.

ಅತ್ತೆ ಸೊಸೆ ಬಂದಾಗ ಮಧ್ಯಾಹ್ನವಾಗಿತ್ತು. ಟೈಲರಮ್ಮನ ಕತ್ತುಪಟ್ಟಿ ಬರಿದಾಗಿತ್ತು. ಕೂತು ತೋಳು ಚಾಚಿದಳು. ನರ್ಸ್ ಚುಚ್ಚುವಾಗ ಬೈಯಲಿಲ್ಲ.

ಈ ಸಲ ನರ್ಸ್ ಬಾಟಲಿ ಮುಟ್ಟುವ ಮೊದಲು ಸ್ಟೂಲ್ ಎಳೆದುಕೊಂಡು ಎದುರು ಕೂತಳು. "ಕಣ್ಣು ಮುಚ್ಚಿ," ಎಂದು ಜೇಬಿನಿಂದ ಒಂದು ಗುಂಡಿ ತೆಗೆದು ಅಂಗೈಗೆ ಹಾಕಿದಳು. "ಏನಿದು?"

ಟೈಲರಮ್ಮನ ಬೆರಳುಗಳು ಅದನ್ನು ಹೊರಳಿಸಿದವು, ತಡವಿದವು, ಮತ್ತೆ ಹೊರಳಿಸಿದವು.

"ಮಾತ್ರೆ ಇರಬೇಕು. ಗುಂಡಿಯಾಗಿದ್ರೆ ತೂತು ಸಿಗಬೇಕಿತ್ತು." ಇನ್ನೊಮ್ಮೆ ತಡವಿ ಹೇಳಿದಳು: "ಸಿಗ್ತಿಲ್ಲ ಕಣಮ್ಮಾ."

"ಸರಿ. ಕಣ್ಣು ಬಿಡಿ."

ಟೈಲರಮ್ಮ ಅಂಗೈಯಲ್ಲಿದ್ದದ್ದನ್ನು ನೋಡಿದಳು. ಅದರ ನಾಲ್ಕು ತೂತುಗಳನ್ನೂ ನೋಡಿದಳು. ಆಮೇಲೆ ನರ್ಸಿನ ಕೋಟು ನೋಡಿದಳು. ಮೇಲಿನಿಂದ ಎರಡನೆಯ ಗುಂಡಿಯ ಜಾಗದಲ್ಲಿ ದಾರದ ಎಳೆಯೊಂದು ನೇತಾಡುತ್ತಿತ್ತು.

"ಮಿಷನ್ ಹೊಲಿಗೆ. ಇಷ್ಟೇ ಅದರ ಹಣೆಬರಹ." ಗುಂಡಿಯನ್ನು ಸೊಸೆಯ ಕಡೆಗೆ ನೀಡಿದಳು. "ತಗೋ, ಹಾಕಿಕೊಡು. ನಾನು ಪಕ್ಕದಲ್ಲಿ ಕೂತು ಬೈತೀನಿ."

ನರ್ಸ್ ಎದ್ದು, ಇಳಿಸಿದ ಡೋಸಿನ ಬಾಟಲಿಯನ್ನು ನೇತುಹಾಕಿದಳು.