ಕಡೇ ಸ್ಟಾಪಿನವರೆಗೆ

ಟ್ಯಾಕ್ಸಿಯವನು ಹಿಂದಿನ ಬಾಗಿಲು ತೆಗೆದು ಹಿಡಿದುಕೊಂಡು ನಿಂತೇ ಇದ್ದ. ಕಂಡಕ್ಟರಮ್ಮ ಅವನಿಗೊಂದು ನಗೆ ಬೀರಿ, ಕಾರನ್ನು ಬಳಸಿಕೊಂಡು, ಹೋಟೆಲಿನ ಗೇಟು ದಾಟಿ ಫುಟ್‌ಪಾತಿಗೆ ಬಂದೇಬಿಟ್ಟರು.

"ಅಮ್ಮ, ಎಲ್ಲಿಗೆ ಹೊರಟೆ?" ಒಂದು ಕಾಲನ್ನು ಕಾರಿನೊಳಗೆ ಇಟ್ಟಿದ್ದ ಮಗಳು ಅಲ್ಲಿಂದಲೇ ಕೂಗಿದಳು.

"ಬಸ್‌ಸ್ಟಾಪಿಗೆ. ನೀನು ಬೇಕಾದ್ರೆ ಇದ್ರಲ್ಲಿ ಬಾ. ಕಡೇ ಸ್ಟಾಪಲ್ಲಿ ಸಿಗೋಣ."

ಮಗಳು ಡ್ರೈವರಿಗೆ ಕೈಸನ್ನೆಯಲ್ಲೇ ಕ್ಷಮೆ ಕೇಳಿ ತಾಯಿಯ ಹಿಂದೆ ಓಡಿಬಂದಳು. ಬೈದಳು, ಕೈ ಹಿಡಿದು ಎಳೆದಳು. ಅರವತ್ತಮೂರು ವರ್ಷದ ಆ ಹೆಂಗಸು ಜಪ್ಪಯ್ಯ ಅಂದರೂ ಹಿಂದೆ ತಿರುಗಲಿಲ್ಲ.

ಈ ಊರಿಗೆ ಅವರನ್ನು ಕರೆತಂದವನು ಅಳಿಯ. ಅವನದು ಕನ್ನಡಕದ ಅಂಗಡಿ. ಅಂಗಡಿಯ ಹಿಂಬದಿಯ ಸಣ್ಣ ಕೋಣೆಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವವಳು ಮಗಳು. ಕನ್ನಡಕದ ಫ್ರೇಮುಗಳ ದೊಡ್ಡ ಪ್ರದರ್ಶನವೊಂದು ಇಲ್ಲಿ ನಡೆಯುತ್ತಿತ್ತು. ತಾನು ಹೇಗೂ ಹೋಗುತ್ತೇನಲ್ಲ, ಇವರಿಬ್ಬರೂ ಹೊರದೇಶ ನೋಡಿದ ಹಾಗಾಗುತ್ತದೆ ಎಂದು ಅವನೇ ಮೂವರಿಗೂ ಟಿಕೆಟ್ ತೆಗೆಸಿದ್ದ. ಅವನು ಬೆಳಗ್ಗೆ ಪ್ರದರ್ಶನಕ್ಕೆ ಹೋದರೆ ಬರುವುದು ಸಂಜೆಗೆ. ಮೂರು ದಿನ ಅತ್ತೆಯೂ ಹೆಂಡತಿಯೂ ಟ್ಯಾಕ್ಸಿಯ ಗಾಜಿನೊಳಗಿಂದಲೇ ಊರು ನೋಡಿದ್ದರು. ಪಕ್ಕದಲ್ಲಿ ಉದ್ದನೆಯ ಹಳದಿ ಬಸ್ಸುಗಳು ಹಾದುಹೋಗುವಾಗ ಕಂಡಕ್ಟರಮ್ಮ ಕತ್ತು ಹೊರಳಿಸಿ ಹೊರಳಿಸಿ ನೋಡಿದ್ದರು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ನಿಂತೇ ದುಡಿದು ಐದು ವರ್ಷದ ಹಿಂದೆ ನಿವೃತ್ತರಾದವರು ಅವರು. ಬಡಾವಣೆಯಲ್ಲಿ ಈಗಲೂ ಎಲ್ಲರಿಗೂ ಅವರು ಕಂಡಕ್ಟರಮ್ಮನೇ.

ಇವತ್ತು ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಅವರು ಬಸ್ಸಿನ ಮಾತೆತ್ತಿದ್ದೇ ತಡ, ಅಳಿಯ ಫೋನು ತೆಗೆದು ಯಾವುದೋ ಪುಟ ಓದತೊಡಗಿದ್ದ. ಹೊರಗಿನಿಂದ ಬಂದವರು ಈ ಊರಿನ ಬಸ್ಸುಗಳಲ್ಲಿ ಜೋಪಾನವಾಗಿರುವುದು ಹೇಗೆ ಅಂತ. ಚೀಲ ಎದೆಯ ಮೇಲಿರಲಿ, ಬಾಗಿಲ ಹತ್ತಿರ ನಿಲ್ಲಬೇಡಿ, ಯಾರಾದರೂ ಕಿರುಕುಳ ಕೊಟ್ಟರೆ ಜಗಳಕ್ಕೆ ನಿಲ್ಲದೆ ಮುಂದಿನ ಸ್ಟಾಪಿನಲ್ಲಿ ಇಳಿದು ಬೇರೆ ಬಸ್ಸು ಹಿಡಿಯಿರಿ.

"ಅಲ್ಲ, ಕಿರುಕುಳ ಕೊಟ್ಟೋನು ಆರಾಮಾಗಿ ಕೂತು ಮನೆಗೆ ಹೋಗ್ತಾನೆ. ಪಟ್ಟೋಳು ಬೀದೀಲಿ ನಿಂತು ಇನ್ನೊಂದು ಬಸ್ಸು ಕಾಯ್ಬೇಕಾ? ಇದನ್ನ ಬರೆದೋರು ಬಸ್ ಹತ್ತಿಲ್ಲ ಬಿಡಿ," ಎಂದಿದ್ದರು ಕಂಡಕ್ಟರಮ್ಮ.

"ಅತ್ತೆ, ನಿಮ್ಮ ಒಳ್ಳೇದಕ್ಕೇ ಹೇಳೋದು. ಊರಲ್ಲದ ಊರು. ಟ್ಯಾಕ್ಸಿ ಹೇಳಿದೀನಿ, ಹತ್ತು ಗಂಟೆಗೆ ಬರುತ್ತೆ."

ಅವನು ಒಳ್ಳೆಯವನೇ. ಆದರೆ ನಿವೃತ್ತಿಯಾದಾಗಿನಿಂದ ಎಲ್ಲರೂ ಒಳ್ಳೆಯವರಾಗಿ ತನ್ನನ್ನು ಗಾಜಿನ ಸಾಮಾನಿನ ಹಾಗೆ ಎತ್ತಿ ಎತ್ತಿ ಇಡುತ್ತಿರುವುದು ಕಂಡಕ್ಟರಮ್ಮನಿಗೆ ಸಾಕುಸಾಕಾಗಿ ಹೋಗಿತ್ತು.

ಬಸ್ಸು ಬಂತು. ಮಗಳು ಹೋಟೆಲಿನ ಕೌಂಟರಿನಲ್ಲಿ ಮೊದಲ ದಿನವೇ ಇಸಿದುಕೊಂಡಿದ್ದ ಬಸ್ ಕಾರ್ಡನ್ನು ಎರಡು ಸಲ ಮಷೀನಿಗೆ ತೋರಿಸಿದಳು. ಮಷೀನು ಎರಡು ಸಲ ಕೀಚ್ ಎಂದಿತು, ಅಷ್ಟೆ.

"ಕಂಡಕ್ಟರ್ ಎಲ್ಲಿ?"

"ಇಲ್ಲಿ ಕಂಡಕ್ಟರ್ ಇರಲ್ಲಮ್ಮ. ಇದೇ ಕಂಡಕ್ಟರು."

"ಇದು ಚಿಲ್ಲರೆ ಕೊಡದೇ ಇರ್ಬೋದು, ಅದು ಸರಿ," ಎಂದರು ಕಂಡಕ್ಟರಮ್ಮ ಮಷೀನನ್ನು ಮೇಲಿಂದ ಕೆಳಕ್ಕೆ ನೋಡಿ. "ಕುಡಿದು ಬಂದೋನನ್ನ ಇಳಿಸುತ್ತಾ?"

ಮಗಳಿಗೆ ನಗು ತಡೆಯಲಾಗಲಿಲ್ಲ. ಸಿಟ್ಟಿನ ಅರ್ಧ ಅಲ್ಲೇ ಇಳಿಯಿತು.

ಬಸ್ಸು ತುಂಬಿತ್ತು. ಕಾಲೇಜು ಹುಡುಗಿಯೊಬ್ಬಳು ಎದ್ದು ಕಂಡಕ್ಟರಮ್ಮನಿಗೆ ಜಾಗ ಕೊಟ್ಟಳು. ಮಗಳು ಎರಡು ಸೀಟು ಮುಂದೆ ಕಂಬ ಹಿಡಿದು, ಚೀಲವನ್ನು ಎದೆಗೆ ಅವುಚಿಕೊಂಡು ನಿಂತಳು. ಕಂಡಕ್ಟರಮ್ಮನ ಕಣ್ಣು ಕಿಟಕಿಯ ಹೊರಗೆ ಹೋಗಲೇ ಇಲ್ಲ. ಬಾಗಿಲು ಮುಚ್ಚುವುದಕ್ಕೆ ಎಷ್ಟು ಹೊತ್ತು, ಡ್ರೈವರ್ ಕನ್ನಡಿ ನೋಡುತ್ತಾನೋ ಇಲ್ಲವೋ, ಇಳಿಯುವವರು ಮೊದಲೋ ಹತ್ತುವವರು ಮೊದಲೋ, ಬಾಗಿಲ ಮೇಲಿನ ನಕ್ಷೆಯಲ್ಲಿ ಇನ್ನೆಷ್ಟು ಸ್ಟಾಪು ಉಳಿದಿವೆ, ಎಲ್ಲವನ್ನೂ ಪರೀಕ್ಷೆ ಮಾಡಿ ಮನಸ್ಸಿನಲ್ಲೇ ಮಾರ್ಕು ಹಾಕುತ್ತ ಕೂತರು. ಎಷ್ಟೋ ದಿನದ ಮೇಲೆ ಮೈ ಹಗುರಾಗಿತ್ತು.

ಏಳನೇ ಸ್ಟಾಪು ಕಳೆದ ಮೇಲೆ ಬಸ್ಸು ಒಂದು ದೊಡ್ಡ ವೃತ್ತದಲ್ಲಿ ಎಡಕ್ಕೆ ತಿರುಗಿತು. ಬಸ್ಸು ಎಡಕ್ಕೆ ತಿರುಗಿದರೆ ನಿಂತವರೆಲ್ಲ ಬಲಕ್ಕೆ ವಾಲುತ್ತಾರೆ. ವಾಲಿದರು. ಒಬ್ಬ ಮಾತ್ರ ಎಡಕ್ಕೆ ವಾಲಿದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲೊಂದು ಫೈಲು, ನಲವತ್ತು ದಾಟಿದ ವಯಸ್ಸು. ಅವನು ನಿಂತಿದ್ದುದು ಮಗಳ ಹಿಂದೆ. ಫೈಲನ್ನು ಅಡ್ಡ ಹಿಡಿದಿದ್ದ. ಫೈಲಿನ ಕೆಳಗೆ ಅವನ ಇನ್ನೊಂದು ಕೈ ಎಲ್ಲಿದೆಯೆಂದು ಕಾಣುತ್ತಿರಲಿಲ್ಲ.

ಕಂಡಕ್ಟರಮ್ಮ ಮಗಳ ಮುಖ ನೋಡಿದರು. ಅಂಗಡಿಯ ಷಟರ್ ಎಳೆದಂತೆ ಮುಚ್ಚಿಕೊಂಡಿತ್ತು ಅದು. ಅವಳು ಜನರನ್ನು ತಳ್ಳಿಕೊಂಡು ತಾಯಿಯ ಸೀಟಿನ ಹತ್ತಿರ ಬಂದಳು. ಅವನೂ ಬಂದ.

"ಅಮ್ಮ, ಮುಂದಿನ ಸ್ಟಾಪಲ್ಲಿ ಇಳಿಯೋಣ."

"ಇನ್ನೂ ಹನ್ನೆರಡು ಸ್ಟಾಪಿದೆ."

"ತಲೆ ನೋಯ್ತಿದೆ. ಇಳಿಯೋಣ."

"ನಿಂಗೆ ತಲೆ ನೋಯ್ತಿಲ್ಲ," ಎಂದು ಕಂಡಕ್ಟರಮ್ಮ ಎದ್ದರು. "ನಾವ್ಯಾಕೆ ಇಳಿಯೋದು? ಇಳಿಯೋನು ಅವನು."

"ಅಮ್ಮ, ಬೇಡ. ಕಾಲು ಹಿಡ್ಕೋತೀನಿ, ಗಲಾಟೆ ಬೇಡ. ನಮಗೆ ಭಾಷೆ ಬರಲ್ಲ."

ಅಷ್ಟರಲ್ಲಿ ಕಂಡಕ್ಟರಮ್ಮ ಫೈಲಿನ ಕೆಳಗೆ ಕೈ ಹಾಕಿ ಅವನ ಮಣಿಕಟ್ಟನ್ನು ಹಿಡಿದಾಗಿತ್ತು. ಹಿಡಿದು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದರು.

"ಹೋಲ್ಡಾನ್!"

ಬಸ್ಸು ನಿಲ್ಲಿಸುವ ಆ ಮಾತು ಆ ಊರಿನ ಡ್ರೈವರಿಗೆ ಗೊತ್ತಿತ್ತೋ ಇಲ್ಲವೋ, ದನಿ ಗೊತ್ತಿತ್ತು. ಬಸ್ಸು ರಸ್ತೆಯ ಬದಿಗೆ ಸರಿದು ನಿಂತಿತು.

ಅವನು ಮೊದಲು ಬೆಚ್ಚಿದ. ಆಮೇಲೆ ನಕ್ಕ. ಸುತ್ತಲಿನವರಿಗೆ ಏನೋ ಹೇಳಿದ. ಜನ ತುಂಬಿರುವುದನ್ನು ತೋರಿಸಿದ, ಬಸ್ಸು ಹೇಗೆ ಓಲಾಡಿತೆಂದು ಮೈ ಓಲಾಡಿಸಿ ತೋರಿಸಿದ, ಕೊನೆಗೆ ತನ್ನ ಹಣೆಯನ್ನು ಬೆರಳಿನಿಂದ ತಟ್ಟಿಕೊಂಡು ಕಂಡಕ್ಟರಮ್ಮನತ್ತ ಕಣ್ಣು ಹಾಯಿಸಿದ. ಹಿಂದಿನ ಸೀಟುಗಳಲ್ಲಿ ಇಬ್ಬರು ಮೂವರು ನಕ್ಕರು. ಒಬ್ಬ ಮುದುಕ ಖಾಲಿಯಾದ ಸೀಟನ್ನು ತಟ್ಟಿ, ಕೂತುಕೊಳ್ಳಿ ತಾಯಿ ಎಂಬಂತೆ ಸನ್ನೆ ಮಾಡಿದ. ಡ್ರೈವರ್ ಸ್ಪೀಕರಿನಲ್ಲಿ ಏನನ್ನೋ ಕೇಳಿದ. ಕಂಡಕ್ಟರಮ್ಮ ತಮಗೆ ಗೊತ್ತಿದ್ದದ್ದನ್ನೆಲ್ಲ ತಮ್ಮ ಭಾಷೆಯಲ್ಲೇ ಬೈದರು. ಬೈದಷ್ಟೂ ಹುಚ್ಚಿಯ ಹಾಗೆಯೇ ಕಾಣಿಸುತ್ತಿದ್ದೇನೆಂದು ಅವರಿಗೇ ಗೊತ್ತಾಗುತ್ತಿತ್ತು.

"ನೀನು ಹೇಳೇ," ಎಂದರು ಮಗಳಿಗೆ. "ನಾನು ಹೇಳಿದ್ರೆ ಆಗಲ್ಲ. ನೀನು ಹೇಳು."

ಮಗಳು ನಕ್ಕವರ ಕಡೆ ನೋಡುತ್ತಿದ್ದಳು. "ಅವತ್ತೂ ಹೀಗೇ ನಕ್ಕಿದ್ರು," ಎಂದಳು, ತನಗೇ ಎಂಬಂತೆ.

"ಯಾವತ್ತು?"

"ನಿನ್ನ ಬಸ್ಸಲ್ಲಿ."

ಕಂಡಕ್ಟರಮ್ಮನ ಬೆರಳು ಸಡಿಲಾದವು. ಅವನು ಕೈ ಕೊಸರಿಕೊಂಡು, ಅಂಗಿಯ ತೋಳನ್ನು ಸರಿಮಾಡಿಕೊಂಡು, ಇನ್ನೇನು ಎಲ್ಲ ಮುಗಿಯಿತೆಂಬಂತೆ ಕಂಬಕ್ಕೆ ಒರಗಿದ. ಡ್ರೈವರ್ ಗೇರು ಹಾಕಿದ ಸದ್ದು ಕೇಳಿಸಿತು.

ಆಗ ಮಗಳು ಚೀಲವನ್ನು ಎದೆಯ ಮೇಲಿಂದ ಬೆನ್ನಿಗೆ ತಳ್ಳಿದಳು. ಒಂದು ಹೆಜ್ಜೆ ಮುಂದೆ ಬಂದು ಅವನ ಎದುರಿಗೇ ನಿಂತಳು.

"ಈ ಮನುಷ್ಯ ನನ್ನ ಮೈಮೇಲೆ ಕೈ ಹಾಕಿದ," ಎಂದಳು. ಕನ್ನಡದಲ್ಲೇ, ಒಂದೊಂದೇ ಮಾತನ್ನು ಬಿಡಿಸಿ. ದಿನವಿಡೀ ಗಿರಾಕಿಗಳಿಗೆ ಅಕ್ಷರದ ಸಾಲು ಓದಿಸುವವಳ ದನಿ ಅದು, ಅವಸರವಿರಲಿಲ್ಲ. ಎಲ್ಲಿ ಎಂದು ತನ್ನ ಮೈಯನ್ನು ತೋರಿಸಿದಳು. ನಾಚಿಕೆ ಪಡಲಿಲ್ಲ. ಆಮೇಲೆ ತೋರುಬೆರಳನ್ನು ಬಾಗಿಲ ಕಡೆ ಚಾಚಿದಳು. "ಇಳಿ."

ಅವನು ಏನೋ ಹೇಳಹೊರಟ.

"ಇಳಿ ಅಂದೆ."

ಬಸ್ಸಿನಲ್ಲಿ ಯಾರೂ ಅವಳ ಪರವಾಗಿ ಎದ್ದು ನಿಲ್ಲಲಿಲ್ಲ. ಆದರೆ ನಕ್ಕವರ ನಗು ನಿಂತಿತ್ತು. ಬಾಗಿಲ ದಾರಿಯಲ್ಲಿ ತರಕಾರಿಯ ದೊಡ್ಡ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ಬುಟ್ಟಿಯನ್ನು ಬರಬರನೆ ತನ್ನ ಕಾಲ ಬಳಿಗೆ ಎಳೆದುಕೊಂಡಳು. ಬಾಗಿಲಿನವರೆಗೆ ದಾರಿಯಾಯಿತು. ಡ್ರೈವರ್ ಕನ್ನಡಿಯಲ್ಲಿ ನೋಡಿದ, ಇಂಜಿನ್ ಆಫ್ ಮಾಡಿದ, ಬಾಗಿಲು ತೆರೆದ, ಕೈ ಕಟ್ಟಿಕೊಂಡು ಕೂತ.

ಒಂದು ನಿಮಿಷ ಆಗಿರಬಹುದು, ಎರಡೂ ಆಗಿರಬಹುದು. ಕೆಲಸಕ್ಕೆ ಹೊರಟಿದ್ದವರು ಗಡಿಯಾರ ನೋಡಿಕೊಳ್ಳತೊಡಗಿದರು. ನೋಡಿಕೊಂಡು, ತಲೆ ಎತ್ತಿ, ಅವನನ್ನು ನೋಡಿದರು. ಅವನು ಗೊಣಗುತ್ತ ಇಳಿದ. ಬಾಗಿಲು ಮುಚ್ಚಿತು.

ಮಗಳು ತಾಯಿ ಬಿಟ್ಟೆದ್ದ ಸೀಟಿನಲ್ಲಿ ಕೂತಳು. ಕಂಡಕ್ಟರಮ್ಮ ಪಕ್ಕದಲ್ಲೇ ಕಂಬ ಹಿಡಿದು ನಿಂತರು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅಳಿಯನದು, ಅವನ ದನಿ ಕಂಡಕ್ಟರಮ್ಮನಿಗೂ ಕೇಳುತ್ತಿತ್ತು.

"ಎಲ್ಲಿದೀರಿ? ಟ್ಯಾಕ್ಸಿಯವನು ಫೋನ್ ಮಾಡಿದ್ದ."

"ಬಸ್ಸಲ್ಲಿ."

"ಅಯ್ಯೋ, ಬೆಳಗ್ಗೆ ಬಡ್ಕೊಂಡ್ನಲ್ಲ. ಅಲ್ಲೇ ಇಳೀರಿ, ನಾನೇ ಬರ್ತೀನಿ."

"ಇಳಿಯಲ್ಲ."

"ಏನಾಯ್ತು? ದನಿ ಯಾಕೆ ಹಾಗಿದೆ?"

"ಆಯ್ತು ಒಂದು. ಸಂಜೆ ಹೇಳ್ತೀನಿ, ಎಲ್ಲಾನೂ ಹೇಳ್ತೀನಿ. ಈಗ ಇಳಿಯಲ್ಲ ರೀ," ಎಂದು ಫೋನು ಇಟ್ಟಳು.

ಬಸ್ಸು ಉಳಿದ ಸ್ಟಾಪುಗಳನ್ನು ಒಂದೊಂದಾಗಿ ದಾಟಿತು. ಕಂಡಕ್ಟರಮ್ಮ ಬಾಗಿಲನ್ನಾಗಲಿ ಡ್ರೈವರನ್ನಾಗಲಿ ನೋಡಲಿಲ್ಲ.

ಕಡೇ ಸ್ಟಾಪೆಂದರೆ ಒಂದು ವಿಶಾಲವಾದ ಕಾಂಕ್ರೀಟಿನ ಅಂಗಳ. ನಾಲ್ಕೈದು ಬಸ್ಸುಗಳು ನಿಂತಿದ್ದವು. ನಲ್ಲಿಯ ಹತ್ತಿರ ಇಬ್ಬರು ಡ್ರೈವರುಗಳು ಮುಖ ತೊಳೆದುಕೊಳ್ಳುತ್ತಿದ್ದರು. ಒಬ್ಬ ಏಣಿ ಹಾಕಿಕೊಂಡು ಬಸ್ಸಿನ ಮುಂದಿನ ಗಾಜು ಉಜ್ಜುತ್ತಿದ್ದ. ತಗಡಿನ ನೆರಳಿನ ಕೆಳಗೆ ಕಲ್ಲಿನ ಬೆಂಚೊಂದಿತ್ತು. ಅಲ್ಲಿ ಕೂತರು.

"ನನ್ನ ಖಾಕಿ ಬಟ್ಟೆ ಕಂಡ್ರೆ ನಿಂಗೆ ನಾಚಿಕೆ ಅಂದ್ಕೊಂಡಿದ್ದೆ," ಎಂದರು ಕಂಡಕ್ಟರಮ್ಮ. "ಕಾಲೇಜು ಸೇರಿದ ವರ್ಷವೇ ನೀನು ಬಸ್ಸು ಬಿಟ್ಟೆ. ಅಷ್ಟು ದೂರ ನಡ್ಕೊಂಡು ಹೋಗ್ತಿದ್ದೆ. ಗೆಳತಿಯರ ಮುಂದೆ ಅಮ್ಮ ಟಿಕೆಟ್ ಹರೀತಾಳೆ ಅಂತ ಅವಮಾನ ಇವಳಿಗೆ ಅಂತ. ಇಪ್ಪತ್ತು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದೆ ಅದನ್ನ."

"ಗೊತ್ತಿತ್ತು."

"ಗೊತ್ತಿದ್ದೂ ಸುಮ್ನಿದ್ಯಾ?"

"ನಾಚಿಕೆ ಅಂತ ಅಂದ್ಕೊಂಡ್ರೆ ಅಂದ್ಕೊಳ್ಳಲಿ ಅಂತ ಬಿಟ್ಟೆ. ಊಟಕ್ಕೆ ಕೂತಾಗ ದಿನಾ ಹೇಳ್ತಿದ್ದೆಯಲ್ಲ, ನನ್ನ ಬಸ್ಸಲ್ಲಿ ಒಬ್ಬನಿಗೂ ಬಾಲ ಬಿಚ್ಚೋಕೆ ಬಿಡಲ್ಲ ಅಂತ. ನಿನ್ನ ಮುಖ ನೋಡಿದ್ರೆ ಹೇಳೋಕೆ ಬಾಯೇ ಬರ್ತಿರ್ಲಿಲ್ಲ."

ಕಂಡಕ್ಟರಮ್ಮ ಮಗಳ ಕಡೆಗೆ ತಿರುಗಿ ಕೂತರು.

"ಯಾವ ಟ್ರಿಪ್ಪು?"

"ಎಂಟೂ ಹತ್ತರದ್ದು. ಸೋಮವಾರ."

"ನಾನು ಎಲ್ಲಿದ್ದೆ?"

"ಮುಂದೆ. ಪಾಸು ನೋಡ್ತಿದ್ದೆ." ಮಗಳು ಅಂಗಳದ ಕಡೆ ನೋಡುತ್ತ ಹೇಳಿದಳು. "ಹಿಂದಕ್ಕೆ ಸರೀರಿ, ಇನ್ನೂ ಹಿಂದಕ್ಕೆ ಸರೀರಿ ಅಂತ ಕೂಗ್ತಿದ್ದೆ. ನೀನು ಹಾಗೆ ಕೂಗಿದಾಗಲೆಲ್ಲ ನನ್ನ ಹಿಂದಿದ್ದ ಗಂಡಸು ಇನ್ನೊಂದು ಸ್ವಲ್ಪ ಒತ್ಕೊಂಡು ಬರೋನು."

ಕಂಡಕ್ಟರಮ್ಮ ಬಾಯಿ ತೆರೆದರು. ಸೋಮವಾರದ ಆ ಟ್ರಿಪ್ಪಿನಲ್ಲಿ ನೂರರ ಮೇಲೆ ಜನ ಇರುತ್ತಿದ್ದರು, ಕಾಲಿಡಲು ಜಾಗವಿರುತ್ತಿರಲಿಲ್ಲ, ಒಬ್ಬಳೇ ಎಷ್ಟು ಕಡೆ ನೋಡುವುದು. ಇವೆಲ್ಲ ನಾಲಿಗೆಯ ತುದಿಗೆ ಬಂದವು. ನಿಜವೂ ಆಗಿದ್ದವು. ಅವರು ಬಾಯಿ ಮುಚ್ಚಿದರು. ಮಗಳ ಕೈ ಬೆಂಚಿನ ಮೇಲೆ ಇತ್ತು. ಅದರ ಮೇಲೆ ತಮ್ಮ ಕೈ ಇಟ್ಟರು.

"ಮೊದಲಿಂದ ಹೇಳು," ಎಂದರು. "ನೀನು ಎಲ್ಲಿ ಹತ್ತಿದೆ, ಅಲ್ಲಿಂದ."

ಮಗಳು ಹೇಳತೊಡಗಿದಳು. ಅಂಗಳದಿಂದ ಒಂದು ಬಸ್ಸು ಹೊರಟಿತು, ಸ್ವಲ್ಪ ಹೊತ್ತಿಗೆ ಇನ್ನೊಂದು. ಅವರನ್ನು ಕರೆತಂದಿದ್ದ ಡ್ರೈವರ್ ತನ್ನ ಬಸ್ಸನ್ನು ತಿರುಗಿಸಿಕೊಂಡು ಬಂದು ಬೆಂಚಿನ ಎದುರಿಗೇ ನಿಲ್ಲಿಸಿ, ಬಾಗಿಲು ತೆರೆದು, ಬರುತ್ತೀರಾ ಎಂಬಂತೆ ಇಬ್ಬರನ್ನೂ ನೋಡಿದ. ಕಂಡಕ್ಟರಮ್ಮ ಮಗಳ ಮುಖದಿಂದ ಕಣ್ಣು ತೆಗೆಯದೆ, ಬಿಡುವಿದ್ದ ಇನ್ನೊಂದು ಕೈಯನ್ನು ಎತ್ತಿ, ಹೋಗು ಎಂದು ಬೀಸಿದರು. ಬಾಗಿಲು ಮುಚ್ಚಿಕೊಂಡಿತು. ಖಾಲಿ ಬಸ್ಸು ನಿಧಾನವಾಗಿ ಅಂಗಳ ದಾಟಿ ರಸ್ತೆಗೆ ಇಳಿಯಿತು.