ಮೂಲೆಯ ಜೆರೇನಿಯಂ

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನನ್ನ ಕಾಲ ಬರುವ ಹೊತ್ತಿಗೆ ನನಗೇ ಮಂಡಿನೋವು ಶುರುವಾಗಿತ್ತು. ಮೂವತ್ತು ವರ್ಷ ನಾನು ಈ ಮನೆಯ ಬಾಲ್ಕನಿಯ ಬಾಗಿಲಲ್ಲಿ ನಿಂತು, ನಮ್ಮತ್ತೆ ನೋಟ್‌ಬುರ್ಗಾ ತಮ್ಮ ಕೆಂಪು ಜೆರೇನಿಯಂಗಳಿಗೆ ನೀರು ಹಾಕುವುದನ್ನು ನೋಡಿದ್ದೇನೆ. ಕ್ಯಾನು ತುಂಬಿ ಕೊಡುವುದು ನನ್ನ ಕೆಲಸ, ಹಾಕುವುದು ಅವರ ಕೆಲಸ. "ನಾನು ಹಾಕ್ಲಾ ಅತ್ತೆ?" ಎಂದರೆ "ನೀನು ಜಾಸ್ತಿ ಹಾಕ್ತೀಯ" ಅನ್ನುತ್ತಿದ್ದರು. ಒಂದು ತೊಟ್ಟೂ ಹಾಕಲು ಬಿಡದವರಿಗೆ ನಾನು ಜಾಸ್ತಿ ಹಾಕುವುದು ಹೇಗೆ ಗೊತ್ತಾಯಿತೋ, ದೇವರೇ ಬಲ್ಲ.

ಬೆಟ್ಟನಾಡು ಟಿರೋಲಿನ ನಮ್ಮ ಕಣಿವೆಯಲ್ಲಿ ಮನೆಯ ಮಾನ ಇರುವುದು ಅಡುಗೆಮನೆಯಲ್ಲಲ್ಲ, ಬಾಲ್ಕನಿಯಲ್ಲಿ. ಪ್ರತಿ ಮನೆಯ ಕಟಕಟೆಯಿಂದಲೂ ಹೂವು ಇಳಿಬಿದ್ದಿರಬೇಕು. ನಮ್ಮವು ಅಂಗಡಿಯ ಗಿಡಗಳೂ ಅಲ್ಲ. ಅತ್ತೆ ಮದುವೆಯಾಗಿ ಬರುವಾಗ ಅವರ ತಾಯಿ ಕಟ್ಟಿಕೊಟ್ಟ ಒಂದೇ ಕುಂಡದಿಂದ, ವರ್ಷ ವರ್ಷ ಕಡ್ಡಿ ಮುರಿದು ನೆಟ್ಟು, ಚಳಿಗಾಲವಿಡೀ ನೆಲಮಾಳಿಗೆಯಲ್ಲಿ ಕಾಪಾಡಿ ಬೆಳೆಸಿದ ವಂಶ. ಅವುಗಳಿಗೆ ಈ ಮನೆಯಲ್ಲಿ ನನಗಿಂತ ಹೆಚ್ಚು ಮರ್ಯಾದೆ ಇತ್ತು.

ಜನವರಿಯಲ್ಲಿ ಅತ್ತೆ ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು. ಮೆಟ್ಟಿಲು ಹತ್ತಬಾರದು ಎಂದು ಡಾಕ್ಟರು ಹೇಳಿದ ಮೇಲೆ ಅವರ ಮಂಚ ಕೆಳಗಿನ ಕೋಣೆಗೆ ಬಂತು. ಅಲ್ಲಿಂದ ಮುಂದೆ ಮನೆಯ ಹೊಸಿಲು ದಾಟಲಿಲ್ಲ. ಕೋಲು ಹಿಡಿದು ನಡೆಯಬಲ್ಲರು, ಆದರೆ ನಡೆದು ಎಲ್ಲಿಗೆ ಹೋಗಲಿ ಎನ್ನುವರು. ಏಪ್ರಿಲ್‌ನಲ್ಲಿ ಒಂದು ದಿನ ನನ್ನನ್ನೂ, ಎದುರು ಮನೆಯಲ್ಲೇ ಇರುವ ತಮ್ಮ ಮಗಳು ಅಫ್ರಾಳನ್ನೂ ಕರೆಸಿ ತೀರ್ಪು ಕೊಟ್ಟರು.

"ಈ ವರ್ಷ ಗಿಡಗಳನ್ನ ರೋಸ್ವಿತಾ ನೋಡ್ಕೊಳ್ಲಿ. ಕೆಡಿಸಿದ್ಲೋ, ಎಲ್ಲಾ ಅಫ್ರಾ ಮನೆಗೆ." ರೋಸ್ವಿತಾ ಎಂದರೆ ನಾನು, ಎದುರಿಗೇ ನಿಂತಿದ್ದೆ.

"ಅಯ್ಯೋ ಅಮ್ಮ, ಅತ್ತಿಗೆ ಚೆನ್ನಾಗೇ ನೋಡ್ಕೋತಾಳೆ ಬಿಡು," ಎಂದಳು ನಾದಿನಿ. ಹೇಳುತ್ತಾ ಕಿಟಕಿಯಿಂದ ತನ್ನ ಬಾಲ್ಕನಿಯನ್ನು ಅಳೆಯುತ್ತಿದ್ದಳು.

"ಇನ್ನೊಂದು. ಸೋಫಿ ಹೋಗೋವರ್ಗೂ ಹೊರಗಿಡಬೇಡ."

ಇದನ್ನು ನಮ್ಮೂರಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮೇ ತಿಂಗಳ ನಡುವೆ ಸಾಲಾಗಿ ಕೆಲವು ಸಂತರ ದಿನಗಳು ಬರುತ್ತವೆ, ಚಳಿಯನ್ನೂ ಕಂಕುಳಲ್ಲಿಟ್ಟುಕೊಂಡು ತರುತ್ತವೆ. ಕೊನೆಯವಳು ಸಂತ ಸೋಫಿ, ಚಳಿ ಸೋಫಿ ಎಂದೇ ಹೆಸರು. ಅವಳ ದಿನ ಕಳೆಯುವ ಮೊದಲು ಎಳೆಗಿಡಗಳನ್ನು ಹೊರಗಿಡುವವರು ಒಂದೋ ಪ್ರವಾಸಿಗರು, ಇಲ್ಲವೇ ನಾನು.

ಮೇ ಮೊದಲ ವಾರದಲ್ಲೇ ಇಟ್ಟೆ. ಕಾರಣ ದೊಡ್ಡದೇನಲ್ಲ: ಅಫ್ರಾಳ ಬಾಲ್ಕನಿಗಿಂತ ಮೊದಲು ನನ್ನದು ಕೆಂಪಾಗಬೇಕಿತ್ತು. ಬಿಸಿಲು ಚೆನ್ನಾಗಿತ್ತು, ನನ್ನ ತಲೆಗೂ ಸ್ವಲ್ಪ ಏರಿತ್ತು. ಗಂಡ ಕಾಸ್ಪರ್ ಹನ್ನೆರಡು ಮರದ ಪೆಟ್ಟಿಗೆಗಳನ್ನೂ ಕಟಕಟೆಗೆ ತಂತಿ ಸುತ್ತಿ, ಭೂಕಂಪವಾದರೂ ಅಲುಗದ ಹಾಗೆ ಬಿಗಿದ. ಅತ್ತೆಯ ಕೋಣೆ ಬಾಲ್ಕನಿಯ ಸರಿಯಾಗಿ ಕೆಳಗೆ, ಅವರಿಗೆ ಬೀದಿ ಕಾಣುತ್ತದೆ, ಮೇಲಿನದು ಕಾಣುವುದಿಲ್ಲ. ಅಫ್ರಾಳಿಗೆ ಕಾಣುತ್ತಿತ್ತು, ಆದರೆ ಗಿಡ ಕೆಟ್ಟರೆ ಯಾರ ಮನೆಗೆ ಹೋಗುತ್ತವೆಂದು ಗೊತ್ತಿದ್ದ ಅವಳು ಅಮ್ಮನಿಗೆ ಹೇಳಲಿಲ್ಲ. ಹತ್ತು ದಿನ ನಾನು ಮಹಾರಾಣಿಯ ಹಾಗೆ ನೀರು ಹಾಕಿದೆ. ಹೌದು, ಜಾಸ್ತಿಯೇ ಹಾಕಿದೆ.

ಸೋಫಿಯ ಹಿಂದಿನ ಸಂಜೆ, ಶನಿವಾರ, ಅಫ್ರಾ ಎದುರಿನಿಂದ ಕೂಗಿದಳು. "ಅತ್ತಿಗೆ, ಆಕಾಶ ನೋಡಿದ್ಯಾ? ಒಂದು ಚೂರು ಮೋಡ ಇಲ್ಲ. ರಾತ್ರಿ ಹೆಪ್ಪುಮಂಜು ಬೀಳತ್ತೆ ಅಂತ ರೇಡಿಯೋದಲ್ಲಿ ಹೇಳಿದ್ರು."

"ಸ್ವಲ್ಪ ತಂಪು ಗಿಡಕ್ಕೆ ಒಳ್ಳೇದು ಕಣೇ," ಎಂದೆ. ಅವಳು ಒಳಗೆ ಹೋದದ್ದೇ ತಂತಿಗೆ ಕೈ ಹಾಕಿದೆ.

ಕಾಸ್ಪರ್ ಮರುದಿನದ ಮೆರವಣಿಗೆಗೆಂದು ಊರ ಬ್ಯಾಂಡಿನ ಅಭ್ಯಾಸಕ್ಕೆ ಹೋಗಿದ್ದ, ಬರುವುದು ನಡುರಾತ್ರಿಗೆ. ಅವನು ಬಿಗಿದ ತಂತಿಯನ್ನು ಬಿಚ್ಚುವುದು ನನ್ನ ಕೈಲಿ ಸಾಧ್ಯವಿರಲಿಲ್ಲ, ನೀರು ಕುಡಿದು ಉಬ್ಬಿದ ಪೆಟ್ಟಿಗೆಗಳನ್ನು ಎತ್ತುವುದಂತೂ ದೂರದ ಮಾತು. ಸರಿ, ಹೊದಿಸೋಣ ಎಂದುಕೊಂಡೆ. ಹಾಸಿಗೆಯ ಚಾದರ, ಕಿಟಕಿಯ ಪರದೆ, ಮೇಜಿನ ಬಟ್ಟೆ, ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ, ಎಲ್ಲವೂ ಹೊರಗೆ ಬಂದವು. ಕೊನೆಗೆ ಕಾಸ್ಪರ್‌ನ ಬ್ಯಾಂಡಿನ ದಪ್ಪ ಉಣ್ಣೆ ಕೋಟೂ ಬಂತು, ನಡುಬಾಗಿಲಿನ ಎದುರಿನ ಪೆಟ್ಟಿಗೆಗೆ. ಇಷ್ಟಾದರೂ ಸಮಾಧಾನವಿಲ್ಲ. ಒಲೆಗೆ ಕಟ್ಟಿಗೆ ತುಂಬಿ, ಬಾಲ್ಕನಿಯ ಬಾಗಿಲುಗಳನ್ನೆಲ್ಲ ತೆರೆದಿಟ್ಟೆ, ಮನೆಯ ಬಿಸಿ ಗಿಡಗಳಿಗೆ ತಾಗಲಿ ಎಂದು. ಓದಿದ ಹೆಂಗಸು ನಾನು, ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸಿದವಳು.

ಕೆಳಗಿನಿಂದ ಛಾವಣಿಗೆ ಕೋಲಿನ ಏಟು ಬಿತ್ತು. ಇಳಿದು ಹೋದೆ.

ಅತ್ತೆ ಕೊರಳವರೆಗೆ ಶಾಲು ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದರು. "ಏನೇ, ಮನೆ ಕಾಯಿಸ್ತಿದ್ದೀಯೋ ಬೀದಿ ಕಾಯಿಸ್ತಿದ್ದೀಯೋ?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಹೊರಗಿಟ್ಟುಬಿಟ್ಟೆ ಅತ್ತೆ. ಎಲ್ಲಾನೂ," ಎಂದೆ.

ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಮೂಲೇದಕ್ಕೆ ಏನು ಹೊದಿಸ್ದೆ?" ಎಂದು ಕೇಳಿದರು.

"ಅದಕ್ಕೆ ಏನೂ ಉಳೀಲಿಲ್ಲ."

"ಗಾಳಿ ಹೊಡೆಯೋದೇ ಅಲ್ಲಿ." ತಮ್ಮ ಗರಿ ತುಂಬಿದ ರಜಾಯಿಯನ್ನು ಮಂಚದಿಂದ ಎಳೆದು ನನ್ನ ಕಡೆ ನೂಕಿದರು. "ತಗೊಂಡ್ಹೋಗು."

"ನಿಮಗೆ ಬೇಡ್ವಾ?"

"ನಾನೇನು ಹೂ ಬಿಡ್ಬೇಕಾ?"

ಅದನ್ನು ಮೂಲೆಯ ಪೆಟ್ಟಿಗೆಯ ಮೇಲೆ ಹೊದಿಸಿ ಬಾಗಿಲು ಹಾಕಿದೆ. ಅತ್ತೆ ತಮ್ಮ ಕೋಟು ಹಾಕಿಕೊಂಡು, ಪಕ್ಕದ ಅಡುಗೆಮನೆಯ ಒಲೆಯ ಬಳಿಯ ಕುರ್ಚಿಗೆ ಬಂದರು. ನನ್ನ ರಜಾಯಿ ಕೊಡಲು ಹೋದರೆ ಬೇಡವೆಂದು ಕೈ ಆಡಿಸಿದರು.

ಬೆಳಿಗ್ಗೆ ಅಂಗಳದ ಹುಲ್ಲೆಲ್ಲ ಬೆಳ್ಳಗಿತ್ತು. ಒಂದೊಂದೇ ಹೊದಿಕೆ ತೆಗೆಯುತ್ತಾ ಹೋದೆ. ಪ್ಲಾಸ್ಟಿಕ್ ತಾಗಿದ ಎಲೆಗಳೆಲ್ಲ ಕಪ್ಪಾಗಿದ್ದವು. ಚಾದರದ ಕೆಳಗಿನವು ಬೆಂದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು. ಕಾಸ್ಪರ್‌ನ ಕೋಟಿನ ಕೆಳಗೆ ಮಾತ್ರ ಗಿಡಗಳು ಏನೂ ಆಗಿಲ್ಲವೆಂಬಂತೆ ನಿಂತಿದ್ದವು. ಹೊದಿಸಿದ್ದು ನಾನೇ, ಆದ್ದರಿಂದ ಆ ಒಂದು ಪೆಟ್ಟಿಗೆ ನನ್ನ ಗೆಲುವು ಎಂದು ಎಣಿಸಿಕೊಂಡೆ.

ಆಮೇಲೆ ಮೂಲೆಗೆ ಹೋದೆ. ಗರಿಯ ರಜಾಯಿ ಇಬ್ಬನಿ ಕುಡಿದು, ಹೆಪ್ಪುಗಟ್ಟಿ, ಮೂಟೆಯಷ್ಟು ಭಾರವಾಗಿ ಕುಸಿದಿತ್ತು. ಎತ್ತಿ ನೋಡಿದರೆ ಒಂದು ಕಾಂಡವೂ ನೆಟ್ಟಗಿಲ್ಲ, ಎಲ್ಲವೂ ಬುಡಕ್ಕೇ ಮುರಿದಿವೆ. ಚಳಿಯಿಂದಲ್ಲ, ಅತ್ತೆಯ ರಜಾಯಿಯಿಂದ.

ಹೇಳಲು ನಾಚಿಕೆಯಾಗುತ್ತದೆ, ನನಗೆ ಸಂತೋಷವಾಯಿತು. ಹತ್ತು ಪೆಟ್ಟಿಗೆ ನಾನು ಕೊಂದಿದ್ದೆ, ಆದರೆ ಹನ್ನೊಂದನೆಯದು ಅವರದ್ದು! ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಜೆರೇನಿಯಂ ವಿಷಯದಲ್ಲಿ ಅತ್ತೆ ತಪ್ಪು ಮಾಡಿದ್ದರು. "ಅತ್ತೆ, ನಿಮ್ಮ ರಜಾಯಿ ಭಾರ ಜಾಸ್ತಿ ಆಯ್ತು" ಎಂಬ ವಾಕ್ಯವನ್ನು, 'ಜಾಸ್ತಿ' ಎಂಬಲ್ಲಿ ಒತ್ತು ಕೊಟ್ಟು, ಮೆಟ್ಟಿಲ ಮೇಲೆ ಎರಡು ಸಲ ಹೇಳಿ ನೋಡಿಕೊಂಡೆ.

ಅಡುಗೆಮನೆಯಲ್ಲಿ ಅತ್ತೆ ಕೋಟಿನೊಳಗೆ ಮುದುಡಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಮೂಲೇದು ಏನಾಯ್ತು?" ಎಂದರು.

ಆ ದನಿಯಲ್ಲಿ ಭಯವಿತ್ತು. ಅವರು ನನ್ನನ್ನು ಯಾವತ್ತೂ ಹಾಗೆ ಕೇಳಿದವರಲ್ಲ. ಬಿದ್ದ ದಿನದಿಂದ ಈ ಮನೆಗೆ ಅವರು ಮಾಡಿದ ಕೆಲಸ ಎಂದರೆ ಆ ರಜಾಯಿ ಕೊಟ್ಟದ್ದೊಂದೇ ಎಂದು ನನಗೆ ಆಗ ಹೊಳೆಯಿತು. ಬೇಡದವಳಾಗಿ ಬದುಕುವುದು ಹೇಗಿರುತ್ತದೆಂದು, ತುಂಬಿದ ಕ್ಯಾನು ಹಿಡಿದು ಬಾಗಿಲಲ್ಲಿ ನಿಂತು ನಾನು ಕಲಿತವಳು. ಮೆಟ್ಟಿಲ ಮೇಲೆ ಅಭ್ಯಾಸ ಮಾಡಿದ ವಾಕ್ಯವನ್ನು ನುಂಗಿಕೊಂಡೆ.

"ಅದೊಂದೇ ಉಳಿದಿರೋದು ಅತ್ತೆ. ಮಿಕ್ಕಿದ್ದೆಲ್ಲ ಹೋಯ್ತು."

ಅಷ್ಟಕ್ಕೇ ಮುಗಿಯುತ್ತದೆಂದುಕೊಂಡಿದ್ದೆ. ಅತ್ತೆ ಕುರ್ಚಿಯ ತೋಳು ಹಿಡಿದು ಎದ್ದರು. "ನನ್ನ ಕೋಲು ಕೊಡು. ಬೀದಿಗೆ ಹೋಗಿ ನೋಡ್ತೀನಿ."

ನಾಲ್ಕು ತಿಂಗಳಿಂದ ಹೊಸಿಲು ದಾಟದವರು! "ಮೊದ್ಲು ಕಾಫಿ ಕುಡೀರಿ," ಎಂದು ಲೋಟ ಕೈಗಿಟ್ಟು ಮೇಲಕ್ಕೆ ಓಡಿದೆ, ಮಂಡಿನೋವು ಮರೆತು. ಕೋಟಿನ ಕೆಳಗಿದ್ದ ಗಿಡಗಳನ್ನು ಬೇರು ಮಣ್ಣು ಸಮೇತ ಕಿತ್ತು, ಮೂಲೆಯ ಪೆಟ್ಟಿಗೆಯಲ್ಲಿ ಕೈಯಿಂದಲೇ ಗುಂಡಿ ತೋಡಿ ನೆಟ್ಟೆ. ಮುರಿದವನ್ನು ಬಕೆಟ್ಟಿಗೆ ಹಾಕಿದೆ. ಅಷ್ಟರಲ್ಲಿ ಕಾಸ್ಪರ್ ಅಂಗಿಯಲ್ಲೇ ಬಂದ. "ನನ್ನ ಕೋಟೆಲ್ಲಿ? ಮೆರವಣಿಗೆಗೆ ಹೊತ್ತಾಯ್ತು." ಕಟಕಟೆಗೆ ಒರಗಿ ಸೆಟೆದುಕೊಂಡಿದ್ದ ಕೋಟನ್ನು ತೋರಿಸಿದೆ.

"ಇದು ನಾನಿಲ್ದೇನೇ ನಿಂತ್ಕೊಂಡಿದೆಯಲ್ಲೇ," ಎಂದು, ಬೇರೇನೂ ಕೇಳದೆ ತೋಳು ತೂರಿಸಿಕೊಂಡು ಹೋದ. ಒಳ್ಳೆಯ ಗಂಡ. ನಡೆಯುವಾಗ ಮಾತ್ರ ಕಟಕಟ ಸದ್ದು ಬರುತ್ತಿತ್ತು.

ಚರ್ಚು ಬಿಟ್ಟು ಜನ ಬರುವ ಹೊತ್ತಿಗೆ ಅತ್ತೆ, ಅಫ್ರಾಳ ತೋಳು ಹಿಡಿದು, ಬೀದಿಯ ನಡುವೆ ನಿಂತು ಕತ್ತೆತ್ತಿ ನೋಡುತ್ತಿದ್ದರು. ನಾನು ಮೇಲೆ, ಉಗುರಿನೊಳಗೆಲ್ಲ ಮಣ್ಣು, ಹಿಂದೆ ನನ್ನ ಮನೆಯ ಚಾದರ ಪರದೆಗಳೆಲ್ಲ ಊರಿಗೆ ಪ್ರದರ್ಶನ. ಹೋಗುವವರನ್ನೆಲ್ಲ ಅತ್ತೆ ನಿಲ್ಲಿಸಿ ಕೋಲಿನಿಂದ ಮೂಲೆ ತೋರಿಸಿದರು. "ಅಗೋ, ಅದು ನನ್ನ ರಜಾಯಿ ಉಳಿಸಿದ್ದು. ಮಿಕ್ಕಿದ್ದು ನಮ್ಮ ಸೊಸೆ ಕೈವಾಡ." ಎಲ್ಲರೂ ಮೂಲೆ ನೋಡಿ ತಲೆದೂಗಿದರು, ಮಿಕ್ಕಿದ್ದನ್ನು ನೋಡಿ ನನ್ನನ್ನು ನೋಡಿದರು. ನಾನು ಸಂತರ ಹಾಗೆ ಮುಗುಳ್ನಕ್ಕೆ.

ಅಫ್ರಾ ಮೆತ್ತಗೆ ವಿಷಯಕ್ಕೆ ಬಂದಳು. "ಹಾಗಾದ್ರೆ ಅಮ್ಮ, ನೀನು ಹೇಳಿದ್ಯಲ್ಲ, ಉಳಿದಿರೋದನ್ನಾದ್ರೂ ನಮ್ಮನೆಗೆ ತಗೊಂಡ್ಹೋಗ್ಲಾ?"

ನಾನು ಕಟಕಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಅತ್ತೆ ಮಗಳ ಮುಖ ನೋಡಿದರು, ಆಮೇಲೆ ಮೇಲೆ ನನ್ನನ್ನು. "ಬೇಡ. ನಿನ್ನ ಮನೇಲಿ ನನಗೇನು ಕೆಲ್ಸ? ನೀನು ಎಲ್ಲಾನೂ ಸರಿಯಾಗೇ ಮಾಡ್ತೀಯ. ಇಲ್ಲೇ ಇರ್ಲಿ. ಅದರ ಕಡ್ಡಿ ಮುರಿದು ಎಲ್ಲಾ ಪೆಟ್ಟಿಗೇನೂ ಮತ್ತೆ ತುಂಬಿಸ್ಬೇಕು, ಇವಳೊಬ್ಬಳ ಕೈಲಿ ಆಗತ್ತಾ? ಪೆಟ್ಟಿಗೆಗಳನ್ನ ಕೆಳಗೆ ತರಿಸು ರೋಸ್ವಿತಾ, ನಾನು ಕೂತ್ಕೊಂಡು ನೆಡ್ತೀನಿ." ಮತ್ತೆ ಬೀದಿಗೆಲ್ಲ ಕೇಳುವ ಹಾಗೆ ಸೇರಿಸಿದರು, "ಏನೇ, ನಾನಿಲ್ದಿದ್ರೆ ಒಂದಾದ್ರೂ ಉಳೀತಿತ್ತಾ?"

ನನ್ನ ಕಾಲ ಬಂತು ಎಂದುಕೊಂಡದ್ದು ಹದಿನೈದು ದಿನವೂ ಬಾಳಲಿಲ್ಲ. ಆದರೂ ಕಟಕಟೆಯ ಮೇಲಿನ ಹಿಡಿತ ಬಿಟ್ಟೆ.

"ಇಲ್ಲ ಅತ್ತೆ," ಎಂದೆ, "ಒಂದೂ ಉಳೀತಿರ್ಲಿಲ್ಲ."

ಮೂವತ್ತು ವರ್ಷದಲ್ಲಿ 'ಆದರೆ' ಅನ್ನದೆ ನಾನು ಅವರ ಮಾತು ಒಪ್ಪಿದ್ದು ಅದೊಂದೇ ಸಲ, ಅದೂ ಅವರು ತಪ್ಪು ಹೇಳಿದಾಗ.